ಟವಲ್ಲಿನ ಕೆಳಗಿನ ಬೆರಳು

ಆ ಮನುಷ್ಯ ಮಧ್ಯಾಹ್ನ ಮುದ್ದೆ ಉಂಡು, ಜಗಲಿಯ ಮೇಲೆ ಅಡ್ಡಾಗಿ, ನಿದ್ದೆಯಲ್ಲೇ ಹೋಗಿಬಿಟ್ಟನಂತೆ. ಫೋನಿನಲ್ಲಿ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಕಲ್ಲೇಟು, ದೊಣ್ಣೆಯೇಟು, ಎತ್ತಿನ ಕೊಂಬಿನ ತಿವಿತ ಎಲ್ಲವನ್ನೂ ತಿಂದು ಅರಗಿಸಿಕೊಂಡಿದ್ದ ದೇಹ ಅದು. ಅದನ್ನು ಒಂದು ನಿದ್ದೆ ಕೊಂಡೊಯ್ಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಅಳು ಆಮೇಲೆ ಬಂತು. ಅದೂ ಸಿಟ್ಟನ್ನು ಜೊತೆಗೆ ಕಟ್ಟಿಕೊಂಡೇ ಬಂತು.

ಹೆಸರು ಬರೆಯುವುದಿಲ್ಲ. ಬರೆದರೆ ಮಾಗಡಿಯಿಂದ ಕನಕಪುರದವರೆಗೆ ಎಷ್ಟೋ ಜನ ಓದುತ್ತಾ ಓದುತ್ತಾ ಕೆನ್ನೆ ಸವರಿಕೊಳ್ಳುತ್ತಾರೆ. ಎದುರಿಗೆ ನಾನು 'ಯಜಮಾನ್ರೇ' ಎನ್ನುತ್ತಿದ್ದೆ, ಒಳಗೊಳಗೇ ಬೈಯುವಾಗ ಏಕವಚನ. ಇಲ್ಲಿ ಎರಡಕ್ಕೂ ನಡುವಿನ 'ಆತ' ಇರಲಿ.

ನಾನು ಆಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆಡಳಿತ ವಿಭಾಗ ನೋಡಿಕೊಳ್ಳುತ್ತಿದ್ದೆ. ಕುರ್ಚಿ ಮುರಿದರೆ, ಲಿಫ್ಟು ಕೆಟ್ಟರೆ, ಕ್ಯಾಂಟೀನಿನ ಸಾಂಬಾರಿನಲ್ಲಿ ಕೂದಲು ಸಿಕ್ಕರೆ ಬೈಸಿಕೊಳ್ಳುವ ಕೆಲಸ. ಕಂಪನಿಗೆ ಇದ್ದಕ್ಕಿದ್ದಂತೆ ಊರಾಚೆ ಒಂದು ಹೊಸ ಆಫೀಸು ಬೇಕೆನಿಸಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ನಾನು ಕನಕಪುರದ ಕಡೆಯವಳು ಎಂಬ ಒಂದೇ ಕಾರಣಕ್ಕೆ ಆ ಭಾರ ನನ್ನ ತಲೆಗೆ ಬಿತ್ತು. ಜೊತೆಗೆ ಉತ್ತರದ ಕಡೆಯಿಂದ ಬಂದ ಒಬ್ಬ ಯುವ ಅಧಿಕಾರಿ. ವೈಸ್ ಪ್ರೆಸಿಡೆಂಟ್ ಆದ್ದರಿಂದ ಆಫೀಸಿನಲ್ಲಿ ಎಲ್ಲರೂ ಅವನನ್ನು ವೀಪಿ ಎಂದೇ ಕರೆಯುತ್ತಿದ್ದರು. ಒಳ್ಳೆಯ ಹುಡುಗ, ಕನ್ನಡ ಅರ್ಧಂಬರ್ಧ ಬರುತ್ತಿತ್ತು, ಯಾರ ಮನೆಗೆ ಹೋದರೂ ಕೈಮುಗಿಯುತ್ತಿದ್ದ. ಊರೂರಿಗೆ ಅಂಕ ಕೊಡುವುದು ಅವನ ಕೆಲಸ. ರಸ್ತೆಗೆ ಇಷ್ಟು, ರೈಲಿಗೆ ಇಷ್ಟು, ನೀರಿಗೆ ಇಷ್ಟು. ಜಾಗ ತೋರಿಸುವವನು ಈ ನಮ್ಮ ಯಜಮಾನ.

ಮೊದಲ ದಿನವೇ ಆತ ನಮ್ಮ ಡ್ರೈವರನಿಗೆ ಹೊಡೆದ. ಮಾಗಡಿ ರಸ್ತೆಯಲ್ಲಿ ಒಂದು ಕರು ಅಡ್ಡ ಬಂತು, ಡ್ರೈವರು ಬ್ರೇಕು ಹಾಕುವಷ್ಟರಲ್ಲಿ ಬಂಪರು ಅದರ ತೊಡೆಗೆ ಸವರಿತು. ಕರು ಎದ್ದು ಓಡಿಹೋಯಿತು, ಏನೂ ಆಗಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಆತ ತಿರುಗಿಯೂ ನೋಡದೆ ಕೈ ಬೀಸಿದ. ಡ್ರೈವರನ ತುಟಿ ಒಡೆದು ರಕ್ತ ಅಂಗಿಯ ಮೇಲೆ ಬಿತ್ತು.

"ಯಜಮಾನ್ರೇ, ಕಾರು ನಿಲ್ಸಿ ಇಳೀರಿ!" ಎಂದು ನಾನು ಕೂಗಿದೆ.

"ಇಳೀತೀನಿ ಕಣವ್ವ, ಓಟ್ಲು ಬರ್ಲಿ," ಎಂದ ಆತ, ಏನೂ ಆಗೇ ಇಲ್ಲ ಎನ್ನುವ ಹಾಗೆ.

ಹೋಟೆಲು ಬಂತು. ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾರ ಹತ್ತಬಾರದೆಂದು ಚಟ್ನಿ ಸರಿಸಿ, ದೋಸೆ ಮುರಿದು ತುಪ್ಪದಲ್ಲಿ ಅದ್ದಿ ಕೈಯಾರೆ ತಿನ್ನಿಸಿದ. "ವಡ್ದಿದ್ದು ತೆಪ್ಪು ಕಣ್ಲಾ. ಆದ್ರೆ ಕರ ಗುದ್ದಿದ್ದೂ ತೆಪ್ಪೇಯ. ತಿನ್ನು," ಎಂದ. ಆ ಡ್ರೈವರು ಸಂಜೆ ವಾಪಸ್ಸು ಬರುವಾಗ ನನಗೆ ಹೇಳಿದ್ದು, "ಮೇಡಂ, ನಮ್ಮಪ್ಪನೂ ಹಿಂಗೇ ಇದ್ರು." ನನಗೆ ಮೈ ಉರಿದುಹೋಯಿತು. ಹೊಡೆದ ಕೈಯೇ ತುತ್ತು ಕೊಟ್ಟರೆ ನಮ್ಮ ಜನ ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಬಿಡುತ್ತಾರೆ.

ಆತ ಮೊದಲು ದನದ ದಲ್ಲಾಳಿ. ಆಮೇಲೆ ದನ ಕೊಳ್ಳುವವರು ಕಡಿಮೆಯಾಗಿ ಭೂಮಿ ಕೊಳ್ಳುವವರು ಹೆಚ್ಚಾದಾಗ ಆತನೂ ಅತ್ತ ಹೊರಳಿದ. ಆದರೆ ವ್ಯಾಪಾರದ ರೀತಿ ಬಿಡಲಿಲ್ಲ. ಹೆಗಲ ಮೇಲೆ ಸದಾ ಒಂದು ಕೆಂಪು ಚೌಕಳಿ ಟವಲ್ಲು. ಹಳೆಯ ಮೊಪೆಡ್ಡಿನ ಪಕ್ಕಕ್ಕೆ ಸಿಕ್ಕಿಸಿದ ಬಾರುಕೋಲು, ತುದಿಗೆ ಎಣ್ಣೆ ಹಚ್ಚಿದ ಚರ್ಮದ ಬಾರು. ಮಾತು ಮುಗಿಯುವ ಹೊತ್ತಿಗೆ ಟವಲ್ಲನ್ನು ಎದುರಿನವನ ಕೈಮೇಲೆ ಹೊದಿಸಿ, ಅದರ ಕೆಳಗೆ ತನ್ನ ಬಲಗೈ ತೂರಿಸುತ್ತಿದ್ದ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಒಳಗೆ ಬೆಲೆ ತಿಳಿಸಲು ಬೆರಳು ಬೆರಳನ್ನು ಹಿಡಿಯುತ್ತದೆ, ಒತ್ತುತ್ತದೆ, ಬಿಡುತ್ತದೆ. ಎದುರಿನವನು ತಿರುಗಿ ಒತ್ತಿದರೆ ಒಪ್ಪಿದ ಹಾಗೆ. ಆತ ಟವಲ್ಲು ಕಿತ್ತು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು, ಇನ್ನು ಆ ಮಾತು ಮೀರುವ ಹಾಗಿಲ್ಲ. ನಮ್ಮ ಕಡೆ ದನದ ಸಂತೆಯಲ್ಲಿ ಇದನ್ನು ನೋಡಿಯೇ ನಾನು ಬೆಳೆದದ್ದು.

ಆತನ ಬಲಗೈ ನಡುಬೆರಳು ಕೊಕ್ಕೆಯ ಹಾಗೆ ಬಾಗಿತ್ತು, ನೆಟ್ಟಗಾಗುತ್ತಿರಲಿಲ್ಲ. ಹರೆಯದಲ್ಲಿ ಯಾರೋ ಒಬ್ಬ ವ್ಯಾಪಾರಿ ಒಪ್ಪಿದ ಮೇಲೆ ಮಾತು ಮುರಿಯಲು ಟವಲ್ಲಿನ ಒಳಗೇ ಅದನ್ನು ತಿರುಚಿಬಿಟ್ಟನಂತೆ. ಆತ ಬೆರಳು ಬಿಡಿಸಿಕೊಳ್ಳಲಿಲ್ಲ, ಬಗ್ಗಿ ಅವನ ಕಿವಿ ಕಚ್ಚಿದನಂತೆ. ಕಿವಿಯ ಚೂರು ಬಾಯಿಗೇ ಬಂತು ಎಂದು ಜನ ಹೇಳುತ್ತಿದ್ದರು. ನಿಜವೇ ಎಂದು ಒಂದು ಸಲ ನೇರವಾಗಿ ಕೇಳಿದೆ. ಆತ ಬಾಯಿ ಅಗಲಿಸಿ ವಸಡು ತೋರಿಸಿದ.

"ಆವಾಗ ಅಲ್ಲು ಗಟ್ಟಿ ಇದ್ದೊ ಕಣವ್ವ," ಎಂದು ಭುಜ ಕುಲುಕಿಸಿ ನಕ್ಕ.

ನಾಲ್ಕು ಊರಿನಲ್ಲಿ ಜಾಗ ನೋಡಿದ ಕಥೆ ಹೇಳುವುದೆಂದರೆ ನಾಲ್ಕು ಜಗಳದ ಕಥೆ ಹೇಳುವುದೇ. ಮಾಗಡಿಯಲ್ಲಿ ಸಾವನದುರ್ಗ ಕಾಣುವ ಒಂದು ಬಯಲು ತೋರಿಸಿದ. ವೀಪಿ ಬೆಟ್ಟ ನೋಡಿ ಮರುಳಾಗಿ ಫೋಟೋ ತೆಗೆಯುತ್ತಿದ್ದಾಗ ಜಾಗದ ಇನ್ನೊಬ್ಬ ದಾಯಾದಿ ಬೇಲಿಯಾಚೆಯಿಂದ ಕಲ್ಲು ಬೀಸಿದ. ಕಾರಿನ ಗಾಜು ಪುಡಿಯಾಯಿತು. ವೀಪಿ ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತ. ಆತ ಮಾತ್ರ ಬಗ್ಗಿ ಅದೇ ಕಲ್ಲನ್ನು ಎತ್ತಿಕೊಂಡು, ತೂಕ ನೋಡಿ, ವಾಪಸ್ಸು ಬೀಸಿದ. ಬೇಲಿಯಾಚೆ ಯಾರೋ 'ಅವ್ವಾ' ಎಂದದ್ದು ಕೇಳಿಸಿತು. ಕನಕಪುರದಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಒಂದು ಕಲ್ಯಾಣಮಂಟಪ. ಗೋಡೆ ಗಟ್ಟಿಯಿದೆ ಎಂದು ಮಾಲೀಕ ಕೊಚ್ಚಿಕೊಂಡ. ಆತ ಓಡಿಬಂದು ಒದ್ದ. ಇಟ್ಟಿಗೆ ಉದುರಿತು, ಮಾಲೀಕ ಆತನ ಕುತ್ತಿಗೆಪಟ್ಟಿ ಹಿಡಿದ, ಇಬ್ಬರೂ ಸಿಮೆಂಟು ಧೂಳಿನಲ್ಲಿ ಹೊರಳಾಡಿ ಎದ್ದಾಗ ಯಾರು ಯಾರೆಂದು ತಿಳಿಯಲಿಲ್ಲ. ಚನ್ನಪಟ್ಟಣದಲ್ಲಿ ಹೆದ್ದಾರಿಯ ಬೊಂಬೆ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಇನ್ನೊಬ್ಬ ದಲ್ಲಾಳಿ ಬಂದು 'ಇದು ನನ್ನ ಗಿರಾಕಿ' ಎಂದ. ಮೆಟ್ಟಿಲ ಮೇಲಿಂದ ಇಬ್ಬರೂ ಉರುಳಿಕೊಂಡು ಬಂದು ಅಂಗಡಿಯ ಮೇಲೆ ಬಿದ್ದರು. ಅರಗಿನ ಬಣ್ಣದ ಬುಗುರಿಗಳೆಲ್ಲ ರಸ್ತೆಗೆ ಉರುಳಿ ಲಾರಿಯ ಚಕ್ರಕ್ಕೆ ಸಿಕ್ಕು ಚಟಪಟ ಎಂದು ಒಡೆದವು. ಅಂಗಡಿಯ ಸಾಬರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ವೀಪಿ ಪ್ರತಿ ಜಗಳಕ್ಕೂ ಆ ಊರಿನ ಅಂಕ ಕಳೆಯುತ್ತಾ ಬಂದ. ಹೀಗೇ ಹೋದರೆ ಯಾವ ಊರೂ ಉಳಿಯುವುದಿಲ್ಲ ಎಂದು ನಾನು ನಕ್ಕೆ. "ಇವನನ್ನು ಬಿಟ್ಟು ಬೇರೆಯವರನ್ನು ನೋಡೋಣ" ಎಂದು ಅವನು ಎಷ್ಟೋ ಸಲ ಹೇಳಿದ. ನೋಡಿದೆವು ಕೂಡ. ಬೇರೆಯವರು ತೋರಿಸಿದ ಜಾಗಕ್ಕೆಲ್ಲ ಎರಡು ಮೂರು ಜನ ವಾರಸುದಾರರು ಹುಟ್ಟಿಕೊಂಡರು. ಈತ ಸುಳ್ಳು ಜಾಗ ತೋರಿಸುತ್ತಿರಲಿಲ್ಲ. ಅದೊಂದಕ್ಕಾಗಿ ಉಳಿದದ್ದೆಲ್ಲವನ್ನೂ ಸಹಿಸಿಕೊಂಡೆವು.

ಕೊನೆಗೆ ರಾಮನಗರದ ಆ ಶೆಡ್ಡು ಸಿಕ್ಕಿತು. ರೈಲು ನಿಲ್ದಾಣಕ್ಕೆ ಹತ್ತಿರ, ಎತ್ತರದ ಹೆಂಚಿನ ಮಾಡು, ಉದ್ದಕ್ಕೂ ಕಿಟಕಿ. ಒಂದು ಕಾಲಕ್ಕೆ ರೇಷ್ಮೆ ನೂಲು ತೆಗೆಯುವ ದೊಡ್ಡ ಕಾರ್ಖಾನೆ. ಈಗ ಮುಂಭಾಗವೆಲ್ಲ ಖಾಲಿ, ಹಿಂದಿನ ಮೂಲೆಯಲ್ಲಿ ಮಾತ್ರ ಕೆಲವು ಬಟ್ಟಲುಗಳಲ್ಲಿ ಗೂಡು ಬೇಯುತ್ತಿತ್ತು. ಬೆಂದ ಹುಳದ ವಾಸನೆಗೆ ವೀಪಿ ಮೂಗು ಮುಚ್ಚಿಕೊಂಡ. ಆದರೂ ಆ ಬೆಳಕು, ಆ ಎತ್ತರ ನೋಡಿ ಅವನ ಮುಖ ಅರಳಿತು.

ಶೆಡ್ಡಿನ ಮಾಲೀಕ ಅಕ್ರಂ. ಹಿಂದಿನ ಮೂಲೆಯಲ್ಲಿ ನೂಲು ತೆಗೆಯುತ್ತಿದ್ದವಳು ಅವನ ತಂಗಿ ಜೈಬುನ್ನಿಸಾ. ಗಂಡ ತೀರಿಕೊಂಡು ತೌರಿಗೆ ಬಂದವಳು. ಅವಳ ಅಪ್ಪ ಸಾಯುವ ಮುಂಚೆ ಆ ಮೂಲೆ ಮಗಳಿಗೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಸಾಕ್ಷಿ ನಮ್ಮ ಯಜಮಾನ. ದನದ ವ್ಯಾಪಾರದ ಜೊತೆಗೆ ಆತ ಆ ಶೆಡ್ಡಿನ ಒಲೆಗಳಿಗೆ ಸೌದೆಯನ್ನೂ ತಂದುಹಾಕುತ್ತಿದ್ದ, ಹಾಗೆ ಆತನಿಗೂ ಅವಳ ಅಪ್ಪನಿಗೂ ಸ್ನೇಹ ಬೆಳೆದಿತ್ತು. ಹಾಸಿಗೆ ಹಿಡಿದಿದ್ದ ಸ್ನೇಹಿತನ ಕೈಮೇಲೆ ಟವಲ್ಲು ಹೊದಿಸಿ ಬೆರಳು ಹಿಡಿದು, ಮಗಳ ಮೂಲೆ ಮಗಳಿಗೇ ಎಂದು ಆತ ಮಾತು ಕೊಟ್ಟಿದ್ದ. ಜೈಬು ಆತನನ್ನು ಮಾಮು ಎನ್ನುತ್ತಿದ್ದಳು. ಆತ ಅವಳನ್ನು ಕೂಸೆ ಎನ್ನುತ್ತಿದ್ದ, ಅವಳ ತಲೆಯಲ್ಲಿ ನರೆ ಬಂದಿದ್ದರೂ.

ಅಕ್ರಂಗೆ ಇಡೀ ಶೆಡ್ಡು ಕೊಡುವ ಆಸೆ. "ತಂಗೀನ ಮನೇಲಿ ಇಟ್ಕಂತೀನಿ ಅಣ್ಣ, ಮೂಲೆ ಗೀಲೆ ಎಲ್ಲ ಬ್ಯಾಡ," ಎಂದ. ಆತ ಟವಲ್ಲು ಬಿಚ್ಚಿದ. ಅಕ್ರಮನ ಕೈ ಒಳಗೆ ಹೋಯಿತು. ಅವನ ಮುಖ ಬಿಳುಚಿತು, ಹಣೆಯಲ್ಲಿ ಬೆವರು ಒಡೆಯಿತು. ಆತ ನಗುನಗುತ್ತಲೇ ನಿಂತಿದ್ದ. "ಮೂಲೆ ಬುಟ್ಟು ಮಿಕ್ಕಿದ್ದು. ಆಯ್ತಾ?" ಎಂದ. "ಆಯ್ತು, ಆಯ್ತು," ಎಂದ ಅಕ್ರಂ. ಟವಲ್ಲು ಹೆಗಲಿಗೆ ಹೋಯಿತು.

ವೀಪಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನನಗೂ, ನನಗೂ" ಎಂದು ಕೈ ಚಾಚಿದ. ಆತ ಅವನ ಕಣ್ಣನ್ನೇ ನೋಡಿ ಟವಲ್ಲು ಹೊದಿಸಿದ. "ಕೂಸಿನ ಮೂಲೆ ಮುಟ್ಟಂಗಿಲ್ಲ, ಸಾಮಿ," ಎಂದು ಬಿಡಿಸಿ ಹೇಳಿ ಒತ್ತಿದ. ವೀಪಿ ನಗುತ್ತಾ ತಾನೂ ಜೋರಾಗಿ ಒತ್ತಿದ. ಟವಲ್ಲು ಕಿತ್ತದ್ದಾಯಿತು. ಕಾರಿನಲ್ಲಿ ನಾನು ಅವನಿಗೆ ಹೇಳಿದೆ, ನೀನು ಈಗ ಒಪ್ಪಂದ ಮಾಡಿಕೊಂಡೆ, ಇದು ಫೋಟೋ ಅಲ್ಲ ಎಂದು. ಅವನು ನಕ್ಕು, ಸಹಿ ಹಾಕದೆ ಒಪ್ಪಂದ ಎಲ್ಲಿಂದ ಬಂತು ಎಂದ.

ಮುಂದಿನ ವಾರ ಜೈಬುನ್ನಿಸಾ ಬೆಂಗಳೂರಿನ ರೈಲು ಹಿಡಿದು ನನ್ನ ಆಫೀಸಿಗೇ ಬಂದಳು. ಬುರ್ಖಾ ಹಾಕಿಕೊಂಡು ರಿಸೆಪ್ಷನ್ನಿನ ಸೋಫಾದ ಅಂಚಿನಲ್ಲಿ ಕುಳಿತಿದ್ದಳು. ಕಾಫಿ ಕೊಟ್ಟಾಗ ಲೋಟ ಹಿಡಿದ ಕೈ ನೋಡಿದೆ. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಯ ಚರ್ಮ ಬೆಳ್ಳಗೆ ಸುಲಿದುಕೊಂಡಿತ್ತು, ಸಂದುಗಳಲ್ಲಿ ಹುಣ್ಣು.

"ಮೇಡಂ, ನಂಗೆ ಆ ಮೂಲೆ ಬ್ಯಾಡ," ಎಂದಳು. "ಹೊಗೆ ಕುಡ್ದು ಕುಡ್ದು ಎದೆ ಹೋಗೈತೆ. ಆಫೀಸ್ ಬಂದ್ರೆ ಕ್ಯಾಂಟೀನ್ ಇರ್ತದಲ್ಲ? ಅದು ನಂಗೆ ಕೊಡ್ಸಿ. ನಾನು ಅಡ್ಗೆ ಚೆನ್ನಾಗಿ ಮಾಡ್ತೀನಿ. ಈ ಕೈನ ಒಣಗಿಸ್ಕೋಬೇಕು ಮೇಡಂ, ಅಷ್ಟೇ."

ಒಂದು ಹೆಂಗಸು ತನ್ನ ಕೈ ಒಣಗಿಸಿಕೊಳ್ಳಬೇಕು ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಕ್ಯಾಂಟೀನು ನನ್ನ ಕೈಯಲ್ಲೇ ಇತ್ತು. ಮಾತಾಡಿದೆ, ವೀಪಿ ತಕ್ಷಣ ಒಪ್ಪಿದ, ಅಕ್ರಮನೂ ಒಪ್ಪಿದ. ಎಲ್ಲರಿಗೂ ಅನುಕೂಲ. ಉಳಿದವನು ಆತ ಒಬ್ಬ. ಹೇಳುವಾಗ ನಾನೂ ಜೊತೆಗಿರಬೇಕೆಂದು ಜೈಬು ಕೇಳಿಕೊಂಡಳು. ಶೆಡ್ಡಿನ ಹಿಂದೆ, ಸೌದೆಯ ರಾಶಿಯ ಮುಂದೆ, ತಲೆಯ ಸೆರಗು ಸರಿಮಾಡಿಕೊಂಡು ಹೇಳಿದಳು.

"ಮಾಮು, ನಾನು ಈ ಮೂಲೆ ಬಿಡ್ತೀನಿ. ಕ್ಯಾಂಟೀನ್ ನೋಡ್ಕಂತೀನಿ."

"ಯಾರ್ ಯೋಳ್ಕೊಟ್ರು ನಿಂಗೆ?"

"ಯಾರೂ ಇಲ್ಲ. ನಾನೇ."

"ನಿಂಗೆ ಗೊತ್ತಾಗಾಕಿಲ್ಲ ಕೂಸೆ. ನಿಮ್ಮಣ್ಣ ತಲೆ ಸವರವ್ನೆ. ಇವತ್ತು ಮೂಲೆ ಬುಡಿಸ್ತಾನೆ, ನಾಳೀಕೆ ಮನೆ ಬುಡಿಸ್ತಾನೆ."

"ಇಲ್ಲ ಮಾಮು. ನನ್ ಕೈ ನೋಡು." ಅವಳು ಎರಡೂ ಕೈ ಮುಂದೆ ಚಾಚಿದಳು.

ಆತ ನೋಡಲಿಲ್ಲ. "ನಿಮ್ಮಪ್ಪನ ಬೆರಳ ಇಡ್ದಿವ್ನಿ ನಾನು. ನಿಂದಲ್ಲ," ಎಂದ.

"ಅಬ್ಬಾ ಸತ್ತು ಯಾವ ಕಾಲ ಆಯ್ತು!"

"ಸತ್ರೆ? ಇಡ್ದೋರಲ್ಲಿ ಒಬ್ರು ಸತ್ರೆ ಇನ್ನೊಬ್ರು ಬುಡಂಗಿಲ್ಲ. ಬುಡ್ಸೋರು ಯಾರವ್ರೆ? ನಾನೂ ಸಾಯೋಗಂಟ ಅದು ಅಂಗೇ ಇರ್ತದೆ."

ಮೊಪೆಡ್ಡು ಹತ್ತಿ ಹೊರಟುಹೋದ. ಜೈಬು ಚಾಚಿದ್ದ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿದಳು. ನನಗೆ ಆತನ ಮೇಲೆ ಅಂದು ಹುಟ್ಟಿದ ಕೋಪ ಈಗಲೂ ಆರಿಲ್ಲ.

ಬಟ್ಟಲುಗಳನ್ನು ಕಿತ್ತು ಸಾಗಿಸುವ ದಿನ ಬೆಳಿಗ್ಗೆ ನಾನೂ ವೀಪಿಯೂ ಶೆಡ್ಡಿಗೆ ಹೋದೆವು. ಅಕ್ರಮನ ಕಡೆಯ ಆಳುಗಳು ಟೆಂಪೋಗೆ ಸಾಮಾನು ಏರಿಸುತ್ತಿದ್ದರು. ಜೈಬು ತಾನೇ ನಿಂತು ಇದು ಹೀಗೆ ಹಿಡಿ, ಅದು ಹಾಗೆ ಇಡು ಎನ್ನುತ್ತಿದ್ದಳು. ಒಂದು ಬಟ್ಟಲಿನಲ್ಲಿ ಕೊನೆಯ ಗೂಡು ಕುದಿಯುತ್ತಿತ್ತು. ಅದನ್ನು ಮುಗಿಸಿಯೇ ಒಲೆ ಆರಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಬಿರಿಯಾನಿ ಮಾಡಿ ತಂದಿದ್ದಳು, ಕ್ಯಾಂಟೀನಿನ ಮೊದಲ ಅಡುಗೆ ಇದೇ ಎಂದು ನಮ್ಮಿಬ್ಬರಿಗೂ ಬಡಿಸುವವಳಿದ್ದಳು.

ಮೊಪೆಡ್ಡಿನ ಸದ್ದು ಕೇಳಿತು. ಆತ ಇಳಿದ, ಬಾರುಕೋಲು ಎಳೆದುಕೊಂಡ. ಟೆಂಪೋ ಮೇಲಿದ್ದವನ ಮುಖಕ್ಕೆ ಮೊದಲ ಏಟು ಬಿತ್ತು. ಬಾರು ಕೆನ್ನೆ ಸೀಳಿತು. ಅವನು ಬಟ್ಟಲನ್ನು ಕೈಬಿಟ್ಟು ಹಿಂದಕ್ಕೆ ಬಿದ್ದ. ಇನ್ನೊಬ್ಬ ತಪ್ಪಿಸಿಕೊಳ್ಳಲು ತಿರುಗಿದ, ಬೆನ್ನಿನ ಅಂಗಿ ಹರಿದು ಕೆಂಪು ಗೆರೆ ಎದ್ದಿತು. "ಮಾಮು! ನಾನೇ ಹೇಳಿದ್ದು! ನಾನೇ!" ಎಂದು ಜೈಬು ಚೀರುತ್ತಿದ್ದಳು. ಆತನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು, ಬೇಕಾಗಿರಲಿಲ್ಲ.

ಅಕ್ರಂ ಸೌದೆಯ ರಾಶಿಯಿಂದ ಒಂದು ತುಂಡು ಕಿತ್ತು ಆತನ ಭುಜಕ್ಕೆ ಬೀಸಿದ. ಮೂಳೆಗೆ ಬಿದ್ದ ಸದ್ದು ನಮಗೂ ಕೇಳಿಸಿತು. ಆತ ಓಲಾಡಿದ, ಬೀಳಲಿಲ್ಲ. ಬಾರುಕೋಲಿನ ಹಿಡಿಯಿಂದ ಅಕ್ರಮನ ಬಾಯಿಗೆ ಗುದ್ದಿದ. ಅಕ್ರಂ ರಕ್ತ ಉಗುಳುತ್ತಾ ಆತನ ಸೊಂಟ ಹಿಡಿದ. ಇಬ್ಬರೂ ಜೋಲಿ ಹೊಡೆದು ಒಲೆಯ ಮೇಲೆ ಬಿದ್ದರು. ಬಟ್ಟಲು ಮಗುಚಿತು. ಕುದಿಯುವ ನೀರು, ಗೂಡು, ಹುಳ ಎಲ್ಲ ಅವರನ್ನು ಬಿಡಿಸಲು ಓಡಿಬಂದಿದ್ದ ಜೈಬುವಿನ ಕಾಲಮೇಲೆ ಸುರಿಯಿತು. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ.

ಆಗಲೂ ಆತ ಅವಳ ಕಡೆ ತಿರುಗಲಿಲ್ಲ. ಎದುರಿಗೆ ವೀಪಿ ಬಂದಿದ್ದ. ಆ ಹುಡುಗನ ಧೈರ್ಯ ಮೆಚ್ಚಬೇಕು, "ಸಾಕು, ಸಾಕು" ಎಂದು ಎರಡೂ ಕೈ ಎತ್ತಿಕೊಂಡು ನಡುವೆ ನುಗ್ಗಿದ್ದ. ಆತ ಅವನ ಬಲಗೈ ಹಿಡಿದ. ಹೆಗಲ ಮೇಲಿಂದ ಟವಲ್ಲು ಎಳೆದು ಆ ಕೈಮೇಲೆ ಹೊದಿಸಿದ. ಅಷ್ಟು ಹೊಡೆದಾಟದ ನಡುವೆಯೂ ನೀಟಾಗಿ, ಸಂತೆಯಲ್ಲಿ ಹೊದಿಸುವ ಹಾಗೆಯೇ ಹೊದಿಸಿದ.

"ಒತ್ತಿದ್ದು ನೀನೇ ಅಲ್ವಾ?" ಎಂದ. "ಯೋಳು. ಈ ಬೆರಳೇ ಅಲ್ವಾ?"

ಲಟಕ್ ಎಂದಿತು. ವೀಪಿ ಸದ್ದಿಲ್ಲದೆ ಕುಸಿದು ಕುಳಿತ. ಆತ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಬಿದ್ದಿದ್ದ ಬಾರುಕೋಲನ್ನು ಎತ್ತಿಕೊಂಡವಳು ಜೈಬುನ್ನಿಸಾ. ಸುಟ್ಟ ಕಾಲನ್ನು ಎಳೆಯುತ್ತಲೇ ಬಂದು ಆತನಿಗೆ ಹೊಡೆದಳು. ತಲೆಗೆ, ಮುಖಕ್ಕೆ, ಕತ್ತಿಗೆ, ಎಲ್ಲಿ ಬಿತ್ತೋ ಅಲ್ಲಿಗೆ. "ನನ್ನನ್ನ ಕೇಳಿದ್ಯಾ? ಒಂದ್ ಮಾತು ಕೇಳಿದ್ಯಾ ನನ್ನನ್ನ?" ಪ್ರತಿ ಏಟಿಗೂ ಅದೇ ಮಾತು. ಆತನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಊರೆಲ್ಲ ಹೊಡೆದು ಬಂದ ಮನುಷ್ಯ ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಮಳೆಗೆ ಸಿಕ್ಕ ಎತ್ತಿನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಕೋಲು ಮುರಿದ ಮೇಲೆ ಅವಳು ಕೂತುಬಿಟ್ಟಳು. ನಾನು ಅವಳ ಕಾಲಿಗೆ ತಣ್ಣೀರು ಸುರಿಯುತ್ತಿದ್ದೆ. ಬಿರಿಯಾನಿಯ ಪಾತ್ರೆ ಮುಚ್ಚಳ ತೆಗೆಯದೆ ಹಾಗೇ ಗೋಡೆಯ ಪಕ್ಕದಲ್ಲಿತ್ತು.

ಪೊಲೀಸರು ಬಂದರು. ಆತ ಒಳಗೆ ಹೋದ, ಕೆಲವು ತಿಂಗಳು ಇದ್ದು ಬಂದ. ಕಂಪನಿ ರಾಮನಗರದ ಹೆಸರಿಗೇ ಅಡ್ಡಗೆರೆ ಎಳೆಯಿತು, ಜೊತೆಗೆ ಉಳಿದ ಮೂರು ಊರಿಗೂ. ಹೊಸ ಆಫೀಸು ಬೇರೆ ಯಾವುದೋ ಜಿಲ್ಲೆಗೆ ಹೋಯಿತು. ಅಲ್ಲಿಯ ಕ್ಯಾಂಟೀನನ್ನು ಬೇರೆ ಯಾರೋ ನಡೆಸುತ್ತಾರೆ. ವೀಪಿಯ ಬೆರಳು ಸರಿಹೋಯಿತು, ಚಳಿಗಾಲದಲ್ಲಿ ಸೆಳೆಯುತ್ತದೆ ಎನ್ನುತ್ತಿದ್ದ. ಟೆಂಪೋದಲ್ಲಿದ್ದ ಬಟ್ಟಲುಗಳು ಇಳಿದು ಮತ್ತೆ ಅದೇ ಮೂಲೆಗೆ ಬಂದವು. ಜೈಬು ಕುಂಟುತ್ತಾ ಮತ್ತೆ ಬಿಸಿನೀರಿಗೆ ಕೈ ಹಾಕಿದಳು. ಆತ ಕೊಟ್ಟ ಮಾತು ಉಳಿಯಿತು.

ಆಮೇಲೆ ಒಂದು ಸಲ ಅವಳನ್ನು ನೋಡಲು ಹೋಗಿದ್ದಾಗ ಆತ ಅಲ್ಲಿದ್ದ. ಎಲ್ಲಿಂದಲೋ ಹುಣಸೆ ಸೌದೆ ತಂದು, ಒಂದೊಂದಾಗಿ ಅವಳ ಒಲೆಯ ಹತ್ತಿರ ಜೋಡಿಸುತ್ತಿದ್ದ. ಜೈಲಿನಿಂದ ಬಂದಾಗಿನಿಂದ ಹೀಗೆ ತಂದುಹಾಕಿ ಹೋಗುತ್ತಾನಂತೆ. ಅವಳು ಬೇಡ ಎನ್ನುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಆತನ ಕಡೆ ಬೆನ್ನು ಹಾಕಿ ಎಳೆ ಹುಡುಕುತ್ತಿದ್ದಳು. ಹೊರಗೆ ಬಂದು ನನ್ನ ಜೊತೆ ನಿಂತ ಆತ ಟವಲ್ಲಿನಿಂದ ಮುಖ ಒರೆಸಿಕೊಂಡ.

"ಎಂಗೋ ಮಾತು ಉಳಿಸ್ಕಂಡೆ ಕಣವ್ವ," ಎಂದ.

"ಉಳಿಸಿಕೊಂಡದ್ದು ನಿಮ್ಮ ಮಾತು, ಯಜಮಾನ್ರೇ. ಅವಳ ಬದುಕಲ್ಲ," ಎಂದೆ. ಬಹಳ ದಿನದಿಂದ ಬಾಯಲ್ಲಿದ್ದ ಮಾತು.

ಆತನ ಕೈ ಮೇಲೆದ್ದಿತು. ನನ್ನ ಕೆನ್ನೆಯವರೆಗೂ ಬಂತು. ನಾನು ಸರಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಕೈ ಹಾಗೇ ಕೆಳಗಿಳಿಯಿತು. "ವಸಿ ಓಗಿ ಬತ್ತೀನಿ," ಎಂದು ಮೊಪೆಡ್ಡು ಹತ್ತಿ ಹೊರಟ. ನಾನು ಆತನನ್ನು ಬದುಕಿದ್ದಾಗ ನೋಡಿದ್ದು ಅದೇ ಕೊನೆ.

ಸುದ್ದಿ ಬಂದ ದಿನ ಆತನ ಊರಿಗೆ ಹೋದೆ. ಮಾಗಡಿ ದಾಟಿ ಒಳಗೆ ಹೋಗಬೇಕು. ಮನೆಯ ಮುಂದೆ ಚಪ್ಪರ ಹಾಕಿ ಬೆಂಚಿನ ಮೇಲೆ ಮಲಗಿಸಿದ್ದರು. ಏಟು ತಿಂದವರು ಎಷ್ಟು ಜನ ಬಂದಿದ್ದರೆಂದರೆ, ನಮ್ಮ ಹಳೆಯ ಡ್ರೈವರು ಕೂಡ ಒಂದು ಮೂಲೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಾಗಿದ ಬೆರಳು ಕೂಡದೆ ಎದ್ದು ನಿಂತಿತ್ತು, ಅದು ಕಾಣಬಾರದೆಂದು ಆತನ ಟವಲ್ಲನ್ನೇ ಮೇಲೆ ಹೊದಿಸಿದ್ದರು.

ಜೈಬುನ್ನಿಸಾ ಆಟೋದಿಂದ ಇಳಿದು ಕುಂಟುತ್ತಾ ಬಂದಳು. ಜನ ದಾರಿ ಬಿಟ್ಟರು. ಆತನ ಹೆಂಡತಿ, ಅತ್ತು ಅತ್ತು ದನಿ ಬಿದ್ದಿದ್ದ ಮುದುಕಿ, "ಬಾ ತಾಯಿ," ಎಂದು ಪಕ್ಕಕ್ಕೆ ಸರಿದಳು. ಜೈಬು ಬೆಂಚಿನ ಹತ್ತಿರ ಕುಳಿತಳು. ಸ್ವಲ್ಪ ಹೊತ್ತು ಆತನ ಮುಖವನ್ನು, ಹುಬ್ಬಿನ ಮೇಲಿದ್ದ ತಾನೇ ಮಾಡಿದ ಗಾಯದ ಗುರುತನ್ನು ನೋಡಿದಳು. ಆಮೇಲೆ ಸುಲಿದ ಬೆರಳುಗಳ ತನ್ನ ಬಲಗೈಯನ್ನು ಟವಲ್ಲಿನ ಕೆಳಗೆ ತೂರಿಸಿದಳು. ಹೆಂಗಸರು ಆ ವ್ಯಾಪಾರ ಮಾಡಿದ್ದನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ.

ಅವಳ ಭುಜ ಬಿಗಿಯಿತು. ತುಟಿ ಕಚ್ಚಿಕೊಂಡಳು. ಲಟಕ್ ಎಂದಿತು. ದೂರ ನಿಂತವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಆ ಮುದುಕಿಗೂ ಕೇಳಿಸಿತು.

"ಬಿಡಿಸ್ಕಂಡೆ ಮಾಮು," ಎಂದಳು ಜೈಬು. ಟವಲ್ಲು ಕಿತ್ತು, ಮಡಿಸಿ, ಆತನ ಹೆಗಲ ಮೇಲೆ ಹಾಕಿದಳು. ಬೆರಳು ಮಿಕ್ಕ ಬೆರಳುಗಳ ಜೊತೆಗೆ ನೆಟ್ಟಗೆ ಮಲಗಿತ್ತು.

ಮಣ್ಣು ಆಗುವವರೆಗೆ ಇರು, ನಾನೇ ಕಾರಿನಲ್ಲಿ ರಾಮನಗರಕ್ಕೆ ಬಿಡುತ್ತೇನೆ ಎಂದೆ. ಅವಳು ತಲೆಯಾಡಿಸಿ ಆಟೋದ ಕಡೆ ನಡೆದಳು.

"ಒಲೆಗೆ ಬೆಂಕಿ ಹಾಕಿ ಬಂದಿವ್ನಿ ಮೇಡಂ. ನೀರು ಕುದೀತಾ ಇರ್ತದೆ."